ಎಡಗೈಯವರ ಸರದಿ

ನಾನು ಒಂದು ಕರಿಹಲಗೆ. ಹಾಗೆಂದ ಕೂಡಲೇ ಗೋಡೆಗೆ ಅಂಟಿಕೊಂಡು, ಜನ್ಮವಿಡೀ ಒಂದೇ ಕೋಣೆ ನೋಡುತ್ತ ಕೂರುವ ಹಲಗೆಯನ್ನು ನೆನೆಯಬೇಡಿ. ನಾನು ಸುತ್ತಿಡುವ ಹಲಗೆ. ಬಿ.ಎಡ್. ಓದುವವರ ಬಾಯಲ್ಲಿ ರೋಲಪ್ ಬೋರ್ಡ್. ದಪ್ಪ ಬಟ್ಟೆಯ ಮೈ, ಅದಕ್ಕೆ ಬಳಿದ ಕಪ್ಪು ಬಣ್ಣ, ಮೇಲೊಂದು ಕೆಳಗೊಂದು ಮರದ ಕೋಲು, ತೂಗುಹಾಕಲು ಒಂದು ದಾರ. ಇಷ್ಟೇ ನನ್ನ ಆಸ್ತಿ. ಆದರೆ ವಿಮಾನ ಹತ್ತಿಬಂದ ಕರಿಹಲಗೆ ನಿಮ್ಮ ಊರಲ್ಲಿ ಎಷ್ಟಿವೆ, ಎಣಿಸಿ ನೋಡಿ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಗಲ್ಲಿಯಲ್ಲಿ, ಅಂಗಡಿಗಳಿಗೆ ಹೆಸರಿನ ಫಲಕ ಬರೆಯುವ ಮೌಲಾಸಾಬರ ಕೈಯಲ್ಲಿ. ಮೂರು ಸಲ ಬಣ್ಣ ಬಳಿದು, ಮೂರು ದಿನ ಒಣಗಿಸಿ, ನಾಲ್ಕನೆಯ ದಿನ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ಒರೆಸಿದರು. ಗುರುತು ಉಳಿಯಲಿಲ್ಲ. "ಭೇಷ್! ಹತ್ತ್ ವರ್ಷಕ್ಕ ಮೋಸ ಇಲ್ಲ" ಅಂದರು. ಅವರ ಲೆಕ್ಕ ತಪ್ಪಿತು. ನನಗೀಗ ಇಪ್ಪತ್ತು ದಾಟಿದೆ.

ಧಾರವಾಡದ ಬಿ.ಎಡ್. ಕಾಲೇಜಿನ ಎದುರಿನ ಅಂಗಡಿಯಿಂದ ನನ್ನನ್ನು ಮೊದಲು ಒಯ್ದವನು ಯಮನೂರಪ್ಪ. ಶಿಕ್ಷಕನಾಗಲು ತರಬೇತಿ ಪಡೆಯುತ್ತಿದ್ದ ಹುಡುಗ. ಅಂಥವರನ್ನು ಊರಿನ ಶಾಲೆಗಳಿಗೆ ಪಾಠ ಮಾಡಲು ಕಳಿಸುತ್ತಾರೆ. ಕೊನೆಗೊಂದು ಪರೀಕ್ಷಾ ಪಾಠವಿರುತ್ತದೆ. ಆ ದಿನ ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಕೂತಿರುತ್ತಾರೆ. ಪ್ರಶ್ನೆ ಕೇಳಿದಾಗ ತರಗತಿಯ ತುಂಬ ಕೈ ಏಳಬೇಕು. ಏಳದಿದ್ದರೆ ಅಂಕ ಹೋಯಿತು. ಯಮನೂರಪ್ಪನ ತರಗತಿಯಲ್ಲಿ ಒಂದು ಕೈಯೂ ಕೆಳಗಿರಲಿಲ್ಲ. ಪರೀಕ್ಷಕರು ತಲೆದೂಗಿ ಹೋದರು.

ಅದರ ಗುಟ್ಟು ಗೊತ್ತಿದ್ದದ್ದು ಅವನಿಗೆ, ಮಕ್ಕಳಿಗೆ ಮತ್ತು ನನಗೆ. ಮರುವರ್ಷ ನನ್ನನ್ನು ಕಸ್ತೂರಿ ಹಡಪದ ಎಂಬ ಹುಡುಗಿಗೆ ಕೊಡುವಾಗ ಅವನು ಗುಟ್ಟನ್ನೂ ಜೊತೆಗೇ ಕೊಟ್ಟ.

"ನೋಡವಾ, ಪರೀಕ್ಷಾ ಹಿಂದಿನ ದಿನ ಹುಡುಗರಿಗೆ ಹೇಳಿಬಿಡು. ಎಲ್ಲಾರೂ ಕೈ ಎತ್ತಬೇಕು. ಗೊತ್ತಿದ್ದವ್ರು ಬಲಗೈ, ಗೊತ್ತಿಲ್ಲದವ್ರು ಎಡಗೈ. ನೀ ಬಲಗೈಯವ್ರನ್ನಷ್ಟೇ ಎಬ್ಬಿಸು. ಹಿಂದ ಕುಂತವರಿಗೆ ಏನೂ ತಿಳಿಯಂಗಿಲ್ಲ."

"ಮೋಸ ಅಲ್ಲೇನಣ್ಣ ಅದು?"

"ನಮ್ಮ ಸರ್ ಮಾಡ್ಯಾರ, ಅವರ ಸರ್ ಮಾಡ್ಯಾರ. ಮೋಸ ಹೆಂಗಾಕ್ಕತಿ?"

ಕಸ್ತೂರಿ ನರಗುಂದದವಳು. ಅಪ್ಪನದು ಬಸ್ ನಿಲ್ದಾಣದ ಹತ್ತಿರ ಕ್ಷೌರದ ಅಂಗಡಿ. ಹುಡುಗಿ ಗಿಡ್ಡಿ. ನನ್ನ ಮೇಲಿನ ಸಾಲಿಗೆ ಬರೆಯಬೇಕಾದರೆ ತುದಿಗಾಲಲ್ಲಿ ನಿಲ್ಲಬೇಕಿತ್ತು. ಆದರೆ ಅಕ್ಷರ ಬಲು ಚೆಂದ. ನಕ್ಷೆ ಬರೆದರೆ ಅರಬ್ಬೀ ಸಮುದ್ರದ ಗಾಳಿ ನನಗೇ ತಾಗಿದಂತಾಗುತ್ತಿತ್ತು. ಪಾಠಕ್ಕೆ ಮುಂಚೆ ಹಾಸ್ಟೆಲ್ ಕೋಣೆಯಲ್ಲಿ ನನ್ನನ್ನು ತೂಗುಹಾಕಿ ನನಗೇ ಪಾಠ ಹೇಳುತ್ತಿದ್ದಳು. "ತಿಳೀತೇನಪಾ?" ಅಂತ ಕೇಳುತ್ತಿದ್ದಳು. ನಾನು ಸುಮ್ಮನಿರುತ್ತಿದ್ದೆ. "ಜಾಣ!" ಅನ್ನುತ್ತಿದ್ದಳು.

ಆ ವರ್ಷ ಫಿನ್ಲೆಂಡ್ ದೇಶದ ಒಂದು ಕಾಲೇಜಿಗೂ ನಮ್ಮ ಕಾಲೇಜಿಗೂ ಒಪ್ಪಂದವಾಯಿತು. ಇಲ್ಲಿಂದ ಒಬ್ಬರು ಅಲ್ಲಿಗೆ ಹೋಗಿ ಆರು ವಾರ ಪಾಠ ಮಾಡಬೇಕು. ಕೊನೆಗೆ ಅಲ್ಲಿಯೇ ಪರೀಕ್ಷಾ ಪಾಠ. ಅಲ್ಲಿಯವರು ಕೊಡುವ ವರದಿಯ ಮೇಲೆ ಇಲ್ಲಿ ಪದವಿ. ಆಯ್ಕೆಯಾದವಳು ಕಸ್ತೂರಿ. ಪ್ರಾಚಾರ್ಯ ಹಂಚಿನಾಳ ಅವರು ಕರೆದು ಹೇಳಿದರು: "ಮೊದಲನೇದಾಕಿ ನೀನು. ಚಲೋ ವರದಿ ತಂದರ ಮುಂದಿನ ವರ್ಷ ಮತ್ತೊಬ್ಬರು ಹೋಗ್ತಾರ. ಇಲ್ಲಾಂದರ ಬಾಗಲಾ ಮುಚ್ಚಿತು ಅಂತ ತಿಳ್ಕೋ." ಕಸ್ತೂರಿ ಅಂದಿನಿಂದ ಸರಿಯಾಗಿ ಊಟ ಮಾಡಲಿಲ್ಲ.

ವಿಮಾನ ನಿಲ್ದಾಣದಲ್ಲಿ ನನ್ನನ್ನು ಬಿಚ್ಚಿಸಿ, ತಿರುಗಿಸಿ, ಬಡಿದು ನೋಡಿದರು. ಒಳಗೆ ಏನಿರಬಹುದು ಎಂದುಕೊಂಡರೋ! ಕೊನೆಗೆ ಅವಳು ಚೀಲದಿಂದ ಸೀಮೆಸುಣ್ಣ ತೆಗೆದು ನನ್ನ ಮೇಲೆ 'ನಾನು ಟೀಚರ್' ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿದಳು. ಕಾವಲಿನವನು ನಕ್ಕು ಬಿಟ್ಟ. ಅವಳಿಗೆ ಆ ಮಾತು ಇನ್ನೂ ನಿಜವಾಗಿರಲಿಲ್ಲ ಎಂಬುದು ಬೇರೆ ಮಾತು.

ಆ ಊರನ್ನು ನೆನೆದರೆ ನನಗೆ ಈಗಲೂ ಹಿತವಾಗುತ್ತದೆ. ಸೆಪ್ಟೆಂಬರಿನ ಕೊನೆ. ಶಾಲೆಯ ಹಿಂದೆ ದೊಡ್ಡ ಸರೋವರ. ಬಿಳಿ ತೊಗಟೆಯ ಮರಗಳು, ಹಳದಿಯಾದ ಎಲೆಗಳು. ಮಕ್ಕಳು ಬಾಗಿಲಲ್ಲೇ ಬೂಟು ಕಳಚಿಟ್ಟು ಕಾಲುಚೀಲದಲ್ಲಿ ತರಗತಿಗೆ ಬರುತ್ತಿದ್ದರು. ಅದು ಇಂಗ್ಲಿಷಿನಲ್ಲಿ ಪಾಠ ನಡೆಯುವ ಐದನೇ ತರಗತಿ. ಟೀಚರ್ ಒಳಗೆ ಬಂದರೆ ಯಾರೂ ಏಳುತ್ತಿರಲಿಲ್ಲ. "ಹಾಯ್ ಕಸ್ತೂರಿ" ಎಂದು ಹೆಸರು ಹಿಡಿದೇ ಕರೆಯುತ್ತಿದ್ದರು. ಮೊದಲ ದಿನ ನಮ್ಮ ಹುಡುಗಿಗೆ ಅಳುವೇ ಬಂದಿತ್ತು. "ಬೋರ್ಡಪ್ಪಾ, ಇವರು ನನ್ನ ಟೀಚರ್ ಅಂತ ತಿಳಿದಾರೋ, ಗೆಳತಿ ಅಂತ ತಿಳಿದಾರೋ?" ಎಂದು ನನ್ನ ಹತ್ತಿರ ಗೊಣಗಿದಳು.

ಅಲ್ಲಿಯ ಗೋಡೆಯಲ್ಲಿ ಬಿಳಿ ಹಲಗೆಯಿತ್ತು. ಹೊಳೆಯುವ ಮೈ, ಒಳ್ಳೆಯ ಜಂಬ. ಕಸ್ತೂರಿ ಅದರ ಮೇಲೆಯೇ ನನ್ನನ್ನು ತೂಗುಹಾಕಿದಳು. ಅದರ ಮುಖ ಮುಚ್ಚಿದ ಆ ಖುಷಿಯನ್ನು ನಾನು ಯಾಕೆ ಮುಚ್ಚಿಡಲಿ? ಸೀಮೆಸುಣ್ಣದ ಧೂಳು ಕಾಣದ ಮಕ್ಕಳು ಸಾಲಾಗಿ ಬಂದು ನನ್ನನ್ನು ಮುಟ್ಟಿ, ಮೂಸಿ, ಬಿಳಿಯಾದ ಬೆರಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು.

ಕಷ್ಟ ಶುರುವಾದದ್ದು ಪ್ರಶ್ನೆ ಕೇಳಿದಾಗ. ನಮ್ಮ ಕಡೆ ಪ್ರಶ್ನೆ ಮುಗಿಯುವ ಮೊದಲೇ "ನಾನ್ರೀ ಟೀಚರ್, ನಾನ್ರೀ" ಎಂದು ಬೆಂಚು ಹತ್ತುತ್ತಾರೆ. ಅಲ್ಲಿ ಮಕ್ಕಳು ಯೋಚಿಸುತ್ತ ಕೂರುತ್ತಿದ್ದರು. ಖಚಿತವಾಗಿ ಗೊತ್ತಿದ್ದ ಒಬ್ಬಿಬ್ಬರು ಬೆರಳು ಎತ್ತುತ್ತಿದ್ದರು, ಅಷ್ಟೇ. ಆ ಮೌನ ಕಸ್ತೂರಿಯ ಎದೆ ಒಡೆಯುತ್ತಿತ್ತು. ಹಿಂದೆ ಕುಳಿತ ಮಾರ್ಗದರ್ಶಿ ಶಿಕ್ಷಕಿ ರಿಟ್ವಾ ಎನ್ನುವವರು. ಐವತ್ತರ ಹೆಂಗಸು, ಮಾತು ಕಡಿಮೆ. ಹೊಗಳುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಐದು ವಾರ ಹೀಗೇ ಕಳೆದವು.

ಪರೀಕ್ಷಾ ಪಾಠದ ಹಿಂದಿನ ದಿನ ರಿಟ್ವಾ ಇಲ್ಲದ ಹೊತ್ತು ನೋಡಿ ಕಸ್ತೂರಿ ತರಗತಿಯ ಬಾಗಿಲು ಹಾಕಿದಳು. ಮಕ್ಕಳಿಗೆ ಆ ಉಪಾಯ ಹೇಳಿಕೊಟ್ಟಳು. ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಯಾಕೆಂದು ಹೇಳಲಿಲ್ಲ. ಮಕ್ಕಳು ಯಾಕೆಂದು ಕೇಳಲೂ ಇಲ್ಲ. ಇಂಡಿಯಾದ ಹೊಸ ಆಟವೆಂದು ಕುಣಿದಾಡಿದರು. ನನಗೆ ಮಾತ್ರ ನಾಚಿಕೆಯಾಯಿತು. ಸಮುದ್ರ ದಾಟಿ ಬಂದರೂ ಯಮನೂರಪ್ಪ ಬೆನ್ನು ಬಿಡಲಿಲ್ಲವಲ್ಲ ಅನ್ನಿಸಿತು.

ಮರುದಿನ ರಿಟ್ವಾ ಜೊತೆಗೆ ಕಾಲೇಜಿನಿಂದ ಇಬ್ಬರು ಪರೀಕ್ಷಕರು ಬಂದರು. ಪಾಠ ಮಾನ್ಸೂನ್ ಮಾರುತಗಳದು. ನನ್ನ ಮೈ ಮೇಲೆ ಅರ್ಧ ಭೂಮಿ, ಅರ್ಧ ಸಮುದ್ರ, ಬಾಣದ ಗುರುತುಗಳು. ಮೊದಲ ಪ್ರಶ್ನೆಗೇ ಇಪ್ಪತ್ತೆರಡು ಕೈ ಮೇಲೆದ್ದವು. ಪರೀಕ್ಷಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಸ್ತೂರಿ ಬಲಗೈಯವರನ್ನು ಎಬ್ಬಿಸಿದಳು. ಸರಿಯುತ್ತರ. ಇನ್ನೊಂದು ಪ್ರಶ್ನೆ, ಮತ್ತೆ ಇಪ್ಪತ್ತೆರಡು ಕೈ, ಮತ್ತೆ ಸರಿಯುತ್ತರ. ಪಾಠ ನೀರು ಹರಿದಂತೆ ಹೋಯಿತು. ಅವಳ ಕೈಬರಹ ಕೂಡ ಆ ದಿನ ಹಾರಾಡುತ್ತಿತ್ತು.

ಕೊನೆಯ ಐದು ನಿಮಿಷ ಉಳಿದಿತ್ತು. ಕಿಟಕಿಯ ಪಕ್ಕದಲ್ಲಿ ಐನೋ ಎಂಬ ಹುಡುಗಿ ಕೂರುತ್ತಿದ್ದಳು. ಪಾಠ ಶುರುವಾದಾಗಿನಿಂದ ಅವಳ ಎಡಗೈ ಇಳಿದಿರಲಿಲ್ಲ. ನೋವಾಗಿ ಬಲಗೈಯಿಂದ ಅದಕ್ಕೆ ಆಸರೆ ಕೊಟ್ಟುಕೊಂಡಿದ್ದಳು. ಅವಳು ಕೇಳಿಯೇ ಬಿಟ್ಟಳು: "ಕಸ್ತೂರಿ, ಎಡಗೈಯವರ ಸರದಿ ಯಾವಾಗ?"

ಪರೀಕ್ಷಕರಲ್ಲಿ ಒಬ್ಬರು ಅದೇನೆಂದು ವಿಚಾರಿಸಿದರು. ಐನೋ ಹೆಮ್ಮೆಯಿಂದ ಬಿಡಿಸಿ ಹೇಳಿದಳು. "ಬಲಗೈ ಅಂದರೆ ನನಗೆ ಗೊತ್ತು. ಎಡಗೈ ಅಂದರೆ ನನಗೆ ಗೊತ್ತಿಲ್ಲ, ಕಲಿಸಿಕೊಡಿ. ಮೊದಲು ಗೊತ್ತಿದ್ದವರನ್ನು ಮುಗಿಸಿ ಆಮೇಲೆ ನಮ್ಮ ಹತ್ತಿರ ಬರುತ್ತಾರೆ. ಇದು ಇಂಡಿಯಾದ ಪದ್ಧತಿ. ನನಗೆ ಬಹಳ ಇಷ್ಟವಾಯಿತು."

ಕಸ್ತೂರಿ ನನ್ನ ಕಡೆ ತಿರುಗಿ ನಿಂತಳು. ಬೇರೆಯವರಿಗೆ ಅವಳ ಬೆನ್ನು ಕಂಡಿತು, ನನಗೆ ಮುಖ ಕಂಡಿತು. ಆ ಮುಖವನ್ನು ನಾನು ಮರೆತಿಲ್ಲ. ಹೌದು, ಅದೇ ಪದ್ಧತಿ ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ವರದಿಯೂ ಉಳಿಯುತ್ತಿತ್ತು, ಹಂಚಿನಾಳ ಸರ್ ಅವರ ಬಾಗಿಲೂ ತೆರೆದಿರುತ್ತಿತ್ತು. ಅವಳು ಕಣ್ಣೊರೆಸಿಕೊಂಡು ತಿರುಗಿದಳು.

"ಇಲ್ಲ ಐನೋ. ಇದು ಹಿಂದೆ ಕೂತವರ ಕಣ್ಣಿಗೆ ಮಣ್ಣೆರಚಲು ನಾವು ಮಾಡುವ ಉಪಾಯ. ಎಡಗೈಯವರ ಹತ್ತಿರ ನಾವು ಬರುವುದೇ ಇಲ್ಲ. ನಾನು ಇವತ್ತು ನಿನ್ನ ಹತ್ತಿರ ಬರುವವಳಿರಲಿಲ್ಲ."

ಇಬ್ಬರು ಪರೀಕ್ಷಕರೂ ಏನೋ ಬರೆದುಕೊಂಡರು. ಅಷ್ಟರಲ್ಲಿ ಗಂಟೆಯಾಯಿತು. ಆ ಶಾಲೆಯಲ್ಲಿ ಬಿಡುವೆಂದರೆ ಮಳೆಯಿರಲಿ, ಹಿಮವಿರಲಿ, ಮಕ್ಕಳೆಲ್ಲ ಹೊರಗೇ ಇರಬೇಕು. ಒಳಗೆ ಕೂರಿಸಿಕೊಳ್ಳುವಂತಿಲ್ಲ. ಐನೋ ಬೂಟು ಹಾಕಿಕೊಳ್ಳುತ್ತ, "ಹಾಗಾದರೆ ಗಾಳಿ ಯಾಕೆ ದಿಕ್ಕು ಬದಲಿಸುತ್ತದೆ ಅಂತ ನನಗೆ ತಿಳಿಯುವುದೇ ಇಲ್ಲವೇ?" ಅಂದಳು.

ಕಸ್ತೂರಿ ಸರಕ್ಕನೆ ನನ್ನನ್ನು ಇಳಿಸಿ ಸುತ್ತಿದಳು. ಕಂಕುಳಲ್ಲಿ ಇಟ್ಟುಕೊಂಡು ಮಕ್ಕಳ ಹಿಂದೆ ಓಡಿದಳು. ಬಿಳಿ ಹಲಗೆ ಗೋಡೆಯಲ್ಲೇ ಉಳಿಯಿತು, ಪಾಪ. ನನ್ನನ್ನು ಸರೋವರದ ಕಡೆಗಿನ ಮರದ ಕೊಂಬೆಗೆ ಕಟ್ಟಿದಳು. ಎಡಗೈ ಎತ್ತಿದ್ದ ಒಂಬತ್ತು ಮಕ್ಕಳು ಸುತ್ತ ಕೂತರು. ಚಳಿಗೆ ಅವಳ ಬೆರಳು ಸೀಮೆಸುಣ್ಣವನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಅಕ್ಷರ ಅಂಕುಡೊಂಕಾಯಿತು. "ನಿಮಗೆ ಎಲ್ಲಿಯವರೆಗೆ ತಿಳಿದಿದೆ, ಅಷ್ಟು ಹೇಳಿ" ಎಂದಳು. ಐನೋ ಯೋಚಿಸಿದಳು. ಬೇಸಿಗೆಯ ಹಗಲಲ್ಲಿ ಸರೋವರದ ಕಡೆಯಿಂದ ತಂಪು ಗಾಳಿ ಬರುತ್ತದೆ, ಅಷ್ಟು ಗೊತ್ತು ಎಂದಳು.

"ಯಾಕೆ ಬರುತ್ತದೆ? ನೆಲ ಬೇಗ ಕಾಯುತ್ತದೆ. ಕಾದ ಗಾಳಿ ಮೇಲೇರುತ್ತದೆ. ಖಾಲಿಯಾದ ಜಾಗಕ್ಕೆ ನೀರಿನ ಮೇಲಿನ ಗಾಳಿ ನುಗ್ಗುತ್ತದೆ. ನಮ್ಮಲ್ಲಿ ನಿನ್ನ ಸರೋವರದ ಬದಲು ಸಮುದ್ರ ಇದೆ."

"ಚಳಿಗಾಲದಲ್ಲಿ ನೆಲವೇ ಬೇಗ ತಣ್ಣಗಾಗುತ್ತದೆ," ಐನೋ ಎದ್ದು ನಿಂತಳು. "ಆಗ ಉಲ್ಟಾ!"

ನನ್ನ ಮೇಲೆ ಬಾಣದ ಗುರುತನ್ನು ತಿರುಗಿಸಿದವಳು ಐನೋ. ಆ ಪುಟ್ಟ ಕೈಯ ಒತ್ತು ನನಗೆ ಇನ್ನೂ ನೆನಪಿದೆ. ನನ್ನ ಇಡೀ ಬಾಳಿನಲ್ಲಿ ಅಷ್ಟು ಸುಖ ಇನ್ನೊಮ್ಮೆ ಸಿಕ್ಕಿಲ್ಲ. ದೂರದಲ್ಲಿ ರಿಟ್ವಾ ಕೋಟಿನ ಜೇಬಿಗೆ ಕೈ ಹಾಕಿಕೊಂಡು ಬಿಡುವಿನ ಹದಿನೈದು ನಿಮಿಷವೂ ನಿಂತಿದ್ದರು.

ವರದಿ ಕಸ್ತೂರಿಗಿಂತ ಮೊದಲೇ ಧಾರವಾಡ ಮುಟ್ಟಿತ್ತು. ಪ್ರಾಚಾರ್ಯರು ಅದನ್ನು ಅಧ್ಯಾಪಕರೆಲ್ಲರ ಮುಂದೆ ಓದಿದರು. 'ಒಳಗಿನ ಪಾಠ: ಅನುತ್ತೀರ್ಣ. ಹೊರಗಿನ ಪಾಠ: ನಮ್ಮ ನಿಯಮದಲ್ಲಿ ಅದಕ್ಕೆ ಅಂಕವಿಲ್ಲ. ನನ್ನ ಮಗಳಿಗೆ ಇಂಥ ಟೀಚರ್ ಸಿಗಲಿ ಎಂದು ಬಯಸುತ್ತೇನೆ. ರಿಟ್ವಾ.'

"ಫೇಲ್! ಕಾಲೇಜಿನ ಮಾನ ಅಲ್ಲೇ ಕಳದ್ ಬಂದಿ," ಪ್ರಾಚಾರ್ಯರು ಗುಡುಗಿದರು. "ಬಾಯಿ ಮುಚ್ಚಿಕೊಂಡು ಇರಾಕ ಏನಾಗಿತ್ತು ನಿನಗ?"

"ಆ ಹುಡುಗಿ ನನ್ನ ನಂಬಿ ಕೈ ಎತ್ತಿತ್ತರೀ ಸರ," ಕಸ್ತೂರಿ ಅಂದಳು. "ಮುಕ್ಕಾಲು ತಾಸು."

ಆ ಕೋಣೆಯಲ್ಲಿ ಇದ್ದವರೆಲ್ಲ ಎಂದೋ ಒಮ್ಮೆ ಅದೇ ಉಪಾಯದಿಂದ ಪಾಸಾದವರು. ಅದು ಅವರ ಮುಖದಲ್ಲೇ ಬರೆದಿತ್ತು. ಆದರೂ ಕಸ್ತೂರಿಯ ಫಲಿತಾಂಶ ತಡೆಹಿಡಿದರು. ಅವಳ ಜೊತೆಯವರು ಕೆಲಸಕ್ಕೆ ಸೇರುವಾಗ ಅವಳು ಮತ್ತೆ ಪಾಠಗಳನ್ನು ಮಾಡಿ ಒಂದು ವರ್ಷ ತಡವಾಗಿ ಪದವಿ ಪಡೆದಳು. ಫಿನ್ಲೆಂಡಿಗೆ ನಮ್ಮ ಕಾಲೇಜಿನಿಂದ ಆಮೇಲೆ ಯಾರೂ ಹೋಗಲಿಲ್ಲ. ಈ ಒಂದು ಮಾತಿಗೆ ಅವಳು ಇಂದಿಗೂ ನೊಂದುಕೊಳ್ಳುತ್ತಾಳೆ.

ಈಗ ಅವಳು ಕುಷ್ಟಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್. ನಾನು ಅವಳ ತರಗತಿಯ ಮೂಲೆಯ ಮೊಳೆಯಲ್ಲಿದ್ದೇನೆ. ಬಣ್ಣ ಪದರು ಪದರಾಗಿ ಉದುರಿದೆ, ಕೆಳಗಿನ ಕೋಲಿಗೆ ಗೆದ್ದಲು ಹತ್ತಿದೆ. ಗೋಡೆಯ ಹಲಗೆ ನನಗಿಂತ ಚೆನ್ನಾಗಿದೆ, ಒಪ್ಪುತ್ತೇನೆ. ಮಧ್ಯಾಹ್ನ ಬಿಸಿಲು ಬಿದ್ದಾಗ ಕಣ್ಣು ಮುಚ್ಚಿ ಆ ಹಳದಿ ಎಲೆಗಳ ಕೆಳಗೆ ಹೋಗಿ ಕೂರುತ್ತೇನೆ. ಮುದುಕರಿಗೆ ಇನ್ನೇನು ಕೆಲಸ?

ಹೋದ ತಿಂಗಳು ಶಿಕ್ಷಣ ಇಲಾಖೆಯ ಅಧಿಕಾರಿ ತಪಾಸಣೆಗೆ ಬಂದರು. ಧ್ರುವ ಪ್ರದೇಶದಲ್ಲಿ ಆರು ತಿಂಗಳು ಹಗಲು ಯಾಕೆ ಎಂದು ಕೇಳಿದರು. ನಾಲ್ಕು ಕೈ ಎದ್ದವು. ಉಳಿದವರು ಕೈ ಎತ್ತಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಮುಂದಿನ ಬೆಂಚಿನ ದುರುಗವ್ವ ಎದ್ದು ನಿಂತು, "ನನಗ ತಿಳಿದಿಲ್ರೀ ಸರ. ನೀವೇ ತಿಳಿಸಿ ಹೇಳ್ರಿ" ಅಂದಳು.

ಅಧಿಕಾರಿಗೆ ಸಿಟ್ಟು ಬಂತು. ಗೋಡೆಯ ಹಲಗೆಯ ತುಂಬ ಪಾಠವಿತ್ತು, ಅದಕ್ಕೇ ಸೀಮೆಸುಣ್ಣ ಹಿಡಿದು ನನ್ನ ಹತ್ತಿರ ಬಂದರು. ಒಂದು ವೃತ್ತ ಬರೆದರು. ಒಂದು ಓರೆಗೆರೆ ಎಳೆದರು. "ಇಲ್ಲಿ ಸೂರ್ಯ... ಅಲ್ಲ, ಈ ಕಡೆ..." ಎನ್ನುತ್ತ ನಿಂತುಬಿಟ್ಟರು. ಅವರ ಹಣೆಯ ಬೆವರು ನನಗಷ್ಟೇ ಕಾಣುತ್ತಿತ್ತು. ಮೂವತ್ತೈದು ಮಕ್ಕಳು ಕಾಯುತ್ತಿದ್ದರು. ಯಾರೂ ನಗಲಿಲ್ಲ. ಆ ತರಗತಿಯಲ್ಲಿ ಅದಕ್ಕೆ ನಗುವ ರೂಢಿಯಿಲ್ಲ.

"ಮೇಡಂ," ಅಧಿಕಾರಿ ಮೆಲ್ಲನೆ ಅಂದರು, "ಇದು ನನಗೂ ಪೂರ್ತಿ ತಿಳಿದಿಲ್ರೀ."

ದುರುಗವ್ವ ಸರಿದು ತನ್ನ ಬೆಂಚಿನಲ್ಲಿ ಅವರಿಗೆ ಜಾಗ ಮಾಡಿಕೊಟ್ಟಳು. ಅವರು ಕೂತರು. ಕಸ್ತೂರಿ ಸೀಮೆಸುಣ್ಣ ತೆಗೆದುಕೊಂಡು ನನ್ನ ಮುಂದೆ ನಿಂತಳು.

"ಎಲ್ಲೀತನಕ ತಿಳಿದೈತಿ, ಹೇಳ್ರಿ ಸರ. ಅಲ್ಲಿಂದ ಶುರು ಮಾಡೋಣು."