ಹೇಮಪ್ಪನ ಹೊಸ ಛತ್ರಿ

ಅರಿವಿಯ ವಿಷಯದಲ್ಲಿ ಹೊನ್ನವ್ವನ ಕೈ ಸುಳ್ಳು ಹೇಳುವುದಿಲ್ಲ ಎಂಬ ಮಾತು ಗಜೇಂದ್ರಗಡದ ನೇಕಾರ ಓಣಿಯಲ್ಲಿತ್ತು. ಅವಳ ಅವ್ವನ ಕೈಯೂ ಹಾಗೇ ಇತ್ತಂತೆ. ನೂಲಿನಂತೆ ಸೀರೆ ಎಂದು ಹಿರಿಯರು ಸುಮ್ಮನೆ ಅಂದಿಲ್ಲ. ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು, ಒಂದು ಸಲ ಮೂಸಿ, ಇದು ನೀರು ಕಂಡದ್ದು, ಇದು ಕಾಣದ್ದು, ಇದು ಎರಡು ವರ್ಷ ಅಂಗಡಿಯ ಮೂಲೆಯಲ್ಲಿ ಬಿದ್ದದ್ದು ಎಂದು ಹೇಳಿಬಿಡುತ್ತಿದ್ದಳು. ಮದುವೆಯ ಜವಳಿ ತೆಗೆಯುವವರು ಅವಳನ್ನು ಕರೆದುಕೊಂಡೇ ಅಂಗಡಿಗೆ ಹೋಗುತ್ತಿದ್ದರು. ಅವಳು ಮೆಟ್ಟಿಲು ಹತ್ತುವುದನ್ನು ಕಂಡರೆ ವ್ಯಾಪಾರಸ್ಥರು ಹಳೆಯ ಗಂಟನ್ನು ಮೆಲ್ಲಗೆ ಒಳಗೆ ಸರಿಸುತ್ತಿದ್ದರು. ಅದರ ಹೆಮ್ಮೆ ಅವಳಿಗಿತ್ತು. ಇರಲಿ ಬಿಡಿ, ಬಡವರಿಗೆ ಇಂಥದ್ದೊಂದು ಇರದಿದ್ದರೆ ತಲೆ ಎತ್ತಿ ತಿರುಗುವುದು ಹೇಗೆ?

ಗಂಡ ಹೇಮಪ್ಪ ಸವಡಿಯವನು. ಅವರದೂ ನೇಕಾರ ಮನೆತನವೇ, ಆದರೆ ಅಜ್ಜನ ಕಾಲಕ್ಕೇ ಮಗ್ಗ ಮಾರಿ ಕೂಲಿಗೆ ಬಿದ್ದವರು. ಹೇಮಪ್ಪ ಯುದ್ಧದ ಕಾಲಕ್ಕೆ ಮಿಲಿಟರಿ ಸೇರಿ, ಬೆನ್ನಿಗೆ ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಹಾರುವುದನ್ನು ಕಲಿತು ಬಂದ. ಊರಲ್ಲಿ ಅದನ್ನು ಛತ್ರಿ ಎನ್ನುತ್ತಿದ್ದರು. ಸವಡಿಯ ಎರೆಹೊಲದಲ್ಲಿ ಆ ವಿದ್ಯೆ ಯಾರಿಗೆ ಬೇಕು? ಮರಳಿ ಬಂದವನು ನಾಲ್ಕು ವರ್ಷ ಕಂಡವರ ಹೊಲದಲ್ಲಿ ಕಳೆ ಕಿತ್ತ. ಆಮೇಲೆ ಸೊಲ್ಲಾಪುರದ ಕಡೆಯಿಂದ ಒಂದು ಬಲೂನಿನ ಕಂಪನಿ ಬಂತು. ಅವರು ಬಯಲಿನಲ್ಲಿ ಒಲೆ ಹೂಡಿ, ದೊಡ್ಡ ಅರಿವಿಯ ಬಲೂನಿಗೆ ಹೊಗೆ ತುಂಬಿ ಮೇಲೆ ಬಿಡುತ್ತಿದ್ದರು. ಬಲೂನಿನ ಕೆಳಗೊಂದು ಅಡ್ಡಕೋಲು, ಕೋಲಿನ ಮೇಲೊಬ್ಬ ಮನುಷ್ಯ. ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ಅವನು ಹಾರಬೇಕು. ಬಲೂನಿಗೆ ಕಟ್ಟಿದ ಹಗ್ಗ ಬೆನ್ನಿನ ಚೀಲದ ಬಾಯಿ ಕೀಳಬೇಕು, ಛತ್ರಿ ಹೊರಬಂದು ಅರಳಬೇಕು. ಆ ಮನುಷ್ಯ ಈಗ ಹೇಮಪ್ಪನಾದ.

ಎರಡು ವರ್ಷ ಕಂಪನಿಯ ಹಳೆಯ ಛತ್ರಿಯಲ್ಲೇ ಹಾರಿದ. ಅದಕ್ಕೆ ತೇಪೆಯ ಮೇಲೆ ತೇಪೆ. ಬಾಗಲಕೋಟೆಯಲ್ಲಿ ಹಾರುವಾಗ ಒಂದು ಪಟ್ಟಿ ಹರಿದು, ಅವನು ಕಲ್ಲಿನ ಮೇಲೆ ಬಿದ್ದು, ಆರು ವಾರ ಕಾಲಿಗೆ ಕಟ್ಟು ಹಾಕಿಕೊಂಡು ಮಲಗಿದ. ಆಗ ಹೊನ್ನವ್ವ ಖಂಡಿತವಾಗಿ ಹೇಳಿಬಿಟ್ಟಳು.

"ಹೊಸಾದು ತಂದ್ರ ಹಾರ್ರಿ. ಇಲ್ಲಾಂದ್ರ ಕಳೇ ಕೀಳೂಣು. ನನಗ ನೀವು ಜೀವಂತ ಬೇಕು."

ಹೊಸದು ಎಂದರೆ ಎಲ್ಲಿಂದ? ಕಂಪನಿಯ ಮಾಲಕ ಮುಂಬಯಿಯ ಒಬ್ಬ ಡೀಲರನಿಗೆ ಕಾಗದ ಬರೆದ. ವಿಲಾಯತಿಯಿಂದ ಬರಬೇಕು, ಒಂದು ವರ್ಷವಾದರೂ ಹಿಡಿಯುತ್ತದೆ ಎಂದು ಉತ್ತರ ಬಂತು. ಪುಣೆಯ ಡೀಲರನ ಹತ್ತಿರ ಇದ್ದದ್ದೆಲ್ಲ ಮಾರಿಹೋಗಿತ್ತು. ಅಷ್ಟರಲ್ಲಿ ಗಜೇಂದ್ರಗಡದ ಜವಳಿ ವ್ಯಾಪಾರಿ ಗುರುಸಂಗಪ್ಪ ಪುಣೆಯ ಮಿಲಿಟರಿ ಲಿಲಾವಿನಲ್ಲಿ ಕಂಬಳಿ, ಬೂಟು, ಡೇರೆಗಳ ಜೊತೆ ಎರಡು ಛತ್ರಿಯನ್ನೂ ಹಿಡಿದು ತಂದಿದ್ದಾನೆ ಎಂಬ ಸುದ್ದಿ ಸಿಕ್ಕಿತು. ಗಂಡಹೆಂಡತಿ ಇಬ್ಬರೂ ಹೋದರು.

ಗುರುಸಂಗಪ್ಪ ಕುಳಿತ ಗಾದಿಯಿಂದ ಏಳಲಿಲ್ಲ. ಒಂದು ಛತ್ರಿಯನ್ನು ತರಿಸಿ ಅವರ ಮುಂದೆ ಹಾಕಿಸಿದ.

"ನೋಡಪ್ಪಾ. ನೀ ಮಿಲಿಟರ್ಯಾಗ ಇದ್ದಾಂವ, ನಾ ಏನ ಹೇಳ್ಲಿ?"

ಹೇಮಪ್ಪ ಹಗ್ಗಗಳನ್ನು ಒಂದೊಂದಾಗಿ ಎಳೆದು ನೋಡಿದ. ಪಟ್ಟಿ, ಕೊಂಡಿ, ಹೊಲಿಗೆ ಎಲ್ಲ ಗಟ್ಟಿಯಾಗಿದ್ದವು. ಆದರೆ ರೇಶಿಮೆಯ ಮೇಲೆ ಇರಬೇಕಾದ ನಂಬರಿನ ಮುದ್ರೆ ಕಾಣಲಿಲ್ಲ. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟ. ಅವನ ಹುಬ್ಬು ಗಂಟಿಕ್ಕಿತು.

"ನಮ್ಮಲ್ಲಿದ್ದವು ಹಿಂಗ ಖರಖರ ಅಂತಿದ್ದಿಲ್ರಿ ಸಾವುಕಾರ್ರ. ಕೈಯಾಗಿಂದ ಜಾರಿ ಹೋಗತಿದ್ದವು."

"ಅರಿವಿ ಬಲ್ಲಾಕಿ ನಿನ್ನ ಮಗ್ಗಲದಾಗ ಅದಾಳ. ಕೇಳು," ಎಂದ ಗುರುಸಂಗಪ್ಪ.

ಹೇಮಪ್ಪ ಹೆಂಡತಿಯ ಕಡೆ ನೋಡಿದ. ಅಂಗಡಿಯಲ್ಲಿದ್ದ ನಾಲ್ಕು ಮಂದಿಯೂ ನೋಡಿದರು. ಹೊನ್ನವ್ವ ಕೆಳಗೆ ಕುಳಿತು, ಬಟ್ಟೆಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡು, ಅಂಚು ಹಿಡಿದಳು, ಕಿವಿಯ ಹತ್ತಿರ ಒಯ್ದು ಮುದುಡಿದಳು, ಮೂಸಿದಳು. ಬಿಗಿಯಾದ ಗಂಜಿ. ಮಗ್ಗದಿಂದ ಇಳಿದು ಅಂಗಡಿಗೆ ಬಂದ ಬಟ್ಟೆಗೆ ಇರುವ ವಾಸನೆ. ಒಂದು ಒಗೆತಕ್ಕೇ ಹೋಗಿಬಿಡುವ ಅದು ಇನ್ನೂ ಇದೆ ಎಂದರೆ ಮತ್ತೇನು ನೋಡಬೇಕು?

"ಹೊಸಾದ ಐತಿ. ನೀರ ಕಂಡಿಲ್ಲ," ಎಂದಳು.

"ಮತ್ತ ಮಿಲಿಟರ್ಯಾಗ..."

"ನಿಮಗ ಅಲ್ಲಿ ಹತ್ತ ಮಂದಿ ಹಾರಿ ಬಿಟ್ಟದ್ದು ಕೊಡತಿದ್ರು. ಹೊಸಾದು ನೀವು ಯಾವಾಗ ಕಂಡೀರಿ?" ಎಂದು ನಕ್ಕಳು. ಅಂಗಡಿಯವರೂ ನಕ್ಕರು. ಹೇಮಪ್ಪನೂ ನಕ್ಕ. ಬಟ್ಟೆಯ ಮಾತಿನಲ್ಲಿ ಹೆಂಡತಿಗೆ ಎದುರಾಡಿ ಅವನಿಗೆ ರೂಢಿಯಿರಲಿಲ್ಲ. ಇಬ್ಬರೂ ಕೂಡಿಟ್ಟದ್ದನ್ನೆಲ್ಲ ಕೊಟ್ಟು ಛತ್ರಿ ತಂದರು.

ಸವಡಿಯಲ್ಲಿ ಅದನ್ನು ಮಿಲಿಟರಿಯ ರೀತಿಯಲ್ಲೇ ಮಡಚಿ ಚೀಲಕ್ಕೆ ಹಾಕಿ ತೊಲೆಗೆ ತೂಗುಬಿಟ್ಟ. ಕಂಪನಿ ಬರುವುದು ತಡವಾಯಿತು. ನಡುವೆ ಹೊತ್ತಲ್ಲದ ಹೊತ್ತಿನಲ್ಲಿ ಮೂರು ದಿನ ಮಳೆ ಹಿಡಿಯಿತು. ಮನೆಯ ಮಾಳಿಗೆ ಸೋರಿ, ಗೋಡೆಗಳು ತೇವ ಹಿಡಿದು, ರೊಟ್ಟಿಗೂ ಬೂಸರು ಬಂತು. ಬಿಸಿಲು ಬಿದ್ದ ಮೇಲೆ ಹೇಮಪ್ಪ ಛತ್ರಿಯನ್ನು ಬಿಚ್ಚಿ ಗಾಳಿಗೆ ಹಾಕಬೇಕೆಂದ. ಹಾಕಲು ಒಣಗಿದ ಜಾಗ ಎಲ್ಲಿಯೂ ಇರಲಿಲ್ಲ.

"ಹೊಸಾ ಅರಿವಿ ಮಡಿಕಿ ಮುರೀಬಾರದ್ರಿ, ಕೆಸರ ಆಕ್ಕತಿ," ಎಂದಳು ಹೊನ್ನವ್ವ. ಅವನು ಬಿಟ್ಟುಬಿಟ್ಟ.

ಆ ವಾರವೇ ಕಂಪನಿ ನರಗುಂದಕ್ಕೆ ಬಂದಿತು. ಹೇಮಪ್ಪ ಚೀಲ ತೆಗೆದುಕೊಂಡು ಎರಡು ದಿನ ಮೊದಲೇ ಹೋದ. ತವರಿನಲ್ಲಿ ತಮ್ಮನ ಮಗುವಿನ ತೊಟ್ಟಿಲಿತ್ತು, ಹೊನ್ನವ್ವ ಅದನ್ನು ಮುಗಿಸಿಕೊಂಡು ಗಜೇಂದ್ರಗಡದಿಂದಲೇ ನರಗುಂದಕ್ಕೆ ಬರುವುದೆಂದು ಮಾತಾಯಿತು. ಹಾರುವುದು ಸಂಜೆ ಐದಕ್ಕೆ.

ಆ ದಿನ ಮುಂಜಾನೆ ಅವಳು ಬಸ್ಸಿಗೆ ಹೊರಟಾಗ ಓಣಿಯ ತುದಿಯಲ್ಲಿ ಕಾಶೀಂಬಿ ಕಂಡಳು. ನೇಯ್ದ ಸೀರೆಗೆ ಗಂಜಿ ಕೊಟ್ಟು ಮಡಿಕೆ ಹಾಕುವುದು ಕಾಶೀಂಬಿಯ ಕೆಲಸ, ಇಡೀ ಓಣಿಗೆ ಅವಳದೇ ಕೈ.

"ಹೊನ್ನೀ, ನಿನ್ನ ಗಂಡ ಇವತ್ತ ಹಾರ್ತಾನಂತಲ್ಲ? ಆ ದೊಡ್ಡ ರೇಶಿಮಿ ನನ್ನ ಕೈಯಾಗ ಹಾದು ಬಂದೈತಿ, ಗೊತ್ತೇನು?" ಎಂದಳು ಕಾಶೀಂಬಿ, ಸಂತೋಷದಿಂದಲೇ.

"ಯಾವ ರೇಶಿಮಿ ಅತ್ತಿ?"

"ಸಾವುಕಾರ್ರು ಕಳಿಸಿದ್ದು. ಮಣ್ಣು, ಎಣ್ಣಿ, ಏನೇನೋ ಕಲಿ. ಎರಡ ಸಲ ಸೀಗಿ ಹಚ್ಚಿ ತೊಳದೆ. ಬಿಗಿ ಗಂಜಿ ಕೊಡು, ಅಂಟು ಕೂಡಸು ಅಂದ್ರು. ಮೂರು ಕೊಡಾ ಗಂಜಿ ಕುಡೀತ ನೋಡು ಅದು. ಹೊಸಾ ಅರಿವಿ ಆಗಿ ಕುಂತ್ಲು ರಾಣಿ."

ಹೊನ್ನವ್ವ ಹುಟ್ಟಿದಾಗಿನಿಂದ ಗಂಜಿಯ ನಡುವೆ ಬೆಳೆದವಳು. ಗಂಜಿ ಕೊಟ್ಟ ಬಟ್ಟೆಯನ್ನು ಮಡಚಿ ತೇವದಲ್ಲಿಟ್ಟರೆ ಏನಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪದರಕ್ಕೆ ಪದರ ಹತ್ತಿಕೊಂಡು ಕೂಡುತ್ತದೆ. ಸೀರೆಯಾದರೆ ಉಡುವವಳು ಕೂತು ಬಿಡಿಸಿಕೊಳ್ಳುತ್ತಾಳೆ. ಆಕಾಶದಲ್ಲಿ ಯಾರು ಬಿಡಿಸಬೇಕು?

ಕಾಶೀಂಬಿಯನ್ನು ಅಲ್ಲೇ ಬಿಟ್ಟು ಬಸ್ಸಿಗೆ ಓಡಿದಳು. ಬಸ್ಸು ರೋಣಕ್ಕೆ ಬರುವಷ್ಟರಲ್ಲಿ ಎರಡು ಸಲ ನಿಂತು ಇಂಜಿನ್ನಿಗೆ ನೀರು ಹಾಕಿಸಿಕೊಂಡಿತು. ರೋಣದಲ್ಲಿ ನರಗುಂದದ ಬಸ್ಸು ಹೋಗಿಬಿಟ್ಟಿತ್ತು. ಟಪಾಲು ಕಚೇರಿಗೆ ಹೋಗಿ ಕೇಳಿದರೆ, ತಾರು ಕೊಟ್ಟರೂ ಮುಟ್ಟುವುದು ಸಂಜೆಗೇ ಎಂದರು. ಕೊನೆಗೆ ಹತ್ತಿ ಹೇರಿದ ಲಾರಿಯೊಂದಕ್ಕೆ ಕೈ ಮಾಡಿ ಹತ್ತಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಿಂದ ಕೇಳಿದ್ದಳು. ಆ ಗಾದೆ ಅವಳನ್ನು ಇವತ್ತು ದಾರಿಯುದ್ದಕ್ಕೂ ಕುಟ್ಟಿತು. ಅವನು ಎರಡು ಸಲ ಅನುಮಾನಪಟ್ಟಿದ್ದ. ಎರಡು ಸಲವೂ ಬಾಯಿ ಮುಚ್ಚಿಸಿದವಳು ತಾನು. ಗುರುಸಂಗಪ್ಪನ ಮೇಲೆ ಉರಿದು ಬೀಳುತ್ತಿದ್ದ ಮನಸ್ಸು ತಿರುಗಿ ತಿರುಗಿ ತನ್ನ ಮೇಲೆಯೇ ಬರುತ್ತಿತ್ತು.

ನರಗುಂದದ ಗುಡ್ಡ ಕಾಣುವ ಹೊತ್ತಿಗೆ ಬಲೂನೂ ಕಂಡಿತು. ಆಗಲೇ ನೆಲ ಬಿಟ್ಟಿತ್ತು.

ಜೋಳ ಕಿತ್ತ ಬಯಲಿನ ತುಂಬ ಜನ. ಸಿಕ್ಕವರನ್ನು ನೂಕುತ್ತ ಅವಳು ಒಲೆಯ ಹತ್ತಿರ ನಿಂತಿದ್ದ ಕಂಪನಿಯ ಮಾಲಕನ ತೋಳು ಹಿಡಿದಳು.

"ಇಳಸ್ರಿ ಅವರನ್ನ. ಛತ್ರಿ ಬಿಚ್ಚೂದಿಲ್ಲ ಅದು."

"ಹ್ಯಾಂಗ ಇಳಸ್ಲಿ ತಂಗೀ? ಅಂವ ಹಾರದ ಸುಮ್ಮನ ಕುಂತ್ರ ಬಲೂನು ತಣ್ಣಗಾಗಿ ತಾನ ಇಳೀತೈತಿ. ಆದ್ರ ಮ್ಯಾಲಿದ್ದಾಂವಗ ಹೇಳಾವ್ರ ಯಾರು?"

ಸುಮ್ಮನೆ ಕುಳಿತರೆ ಸಾಕಿತ್ತು, ಅಷ್ಟೇ. ಹೊನ್ನವ್ವ ಜನ ಬಿಟ್ಟ ಬಯಲಿಗೆ ಓಡಿ, ಸೆರಗು ಹಿರಿದು, ಎರಡೂ ಕೈ ಎತ್ತಿ ಬೀಸಿದಳು. ಹಾರಬ್ಯಾಡ್ರಿ, ಹಾರಬ್ಯಾಡ್ರಿ ಎಂದು ಕೂಗಿದಳು. ಡೊಳ್ಳು, ಸಿಳ್ಳು, ಸಾವಿರ ಬಾಯಿ, ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಮೇಲೆ ಕೋಲಿನ ಮೇಲಿದ್ದ ಹೇಮಪ್ಪನಿಗೆ ಸೆರಗು ಕಂಡಿತು. ಹೆಂಡತಿ ಬಂದಳೆಂದು ಅವನು ಒಂದು ಕೈ ಎತ್ತಿ ಬೀಸಿದ. ಆಮೇಲೆ ಹಾರಿದ.

ಹಗ್ಗ ತನ್ನ ಕೆಲಸ ಮಾಡಿತು. ಚೀಲದ ಬಾಯಿ ಕಿತ್ತು ಬಿಳಿಯದೊಂದು ಉದ್ದಕ್ಕೆ ಹೊರಬಂತು, ಹಿಂಡಿದ ಸೀರೆಯಷ್ಟೇ ದಪ್ಪಕ್ಕೆ. ಅದು ಅಗಲವಾಗಲಿಲ್ಲ. ಈಗ ಅರಳುತ್ತದೆ, ಈಗ ಅರಳುತ್ತದೆ ಎಂದು ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು. ಅವನು ಎರೆಹೊಲಕ್ಕೆ ಬಿದ್ದ ಮೇಲೆಯೂ ದೂರದವರು ಕೆಲವರು ತಟ್ಟುತ್ತಿದ್ದರು.

ಫೌಜದಾರ ಬಂದಾಗ ಇನ್ನೂ ಬಿಸಿಲಿತ್ತು. ಹೆಣದ ಮೇಲೆ ಯಾರೋ ಕಂಬಳಿ ಹೊದಿಸಿದ್ದರು. ಹೊನ್ನವ್ವ ಅದರ ಪಕ್ಕದಲ್ಲಿ ಕುಳಿತು ರೇಶಿಮೆಯ ಪದರಗಳನ್ನು ಬಿಡಿಸುತ್ತಿದ್ದಳು. ಹಸಿ ಇರುವಾಗ ಒಂದರ ಮೇಲೊಂದು ಇಟ್ಟು ಮರೆತ ಹಪ್ಪಳದ ಹಾಗೆ ಹತ್ತಿಕೊಂಡಿದ್ದವು. ಹಣೆಬರಹಕ್ಕೆ ಹೊಣೆ ಯಾರು ಎಂದು ಸುತ್ತಲಿನವರು ಲೊಚಗುಟ್ಟುತ್ತಿದ್ದರು. ತಪ್ಪು ಮಾಡಿದವರ ಹೆಸರು ಹೇಳಲು ಅಂಜಿಕೆಯಾದಾಗ ನಮ್ಮ ಜನಕ್ಕೆ ಈ ಮಾತು ಭಾಳ ಅನುಕೂಲ.

ಹೊನ್ನವ್ವನಿಗೆ ಅಂಜಿಕೆ ಉಳಿದಿರಲಿಲ್ಲ. ತಾನು ಮಾರಿದ ಛತ್ರಿ ಅರಳುವುದನ್ನು ನೋಡಲು ಗುರುಸಂಗಪ್ಪನೂ ಮೋಟಾರು ಮಾಡಿಕೊಂಡು ಬಂದಿದ್ದ. ಅವನ ಕಡೆ ಕೈ ತೋರಿಸಿದಳು.

"ಇವ್ರು ಕೊಟ್ಟದ್ರಿ. ಹಳೇದನ್ನ ತೊಳಿಸಿ ಗಂಜಿ ಹಾಕಿಸಿ ಕೊಟ್ರು. ಗಂಜಿಗೇ ಹತ್ತಿಕೊಂಡೈತಿ, ಮುಟ್ಟಿ ನೋಡ್ರಿ."

ಗುರುಸಂಗಪ್ಪನ ಮುಖ ಬಿಳಿಚಿತ್ತು. ಅವನೂ ಕೊಲೆ ಮಾಡಬೇಕೆಂದು ಮಾರಿದವನಲ್ಲ. ಆದರೆ ನಾಲಿಗೆ ಮಾತ್ರ ವ್ಯಾಪಾರಿಯದೇ.

"ಗಂಜಿ ಕಾಣದ ಅರಿವಿ ಯಾವ ಅಂಗಡ್ಯಾಗ ಐತ್ರಿ ಸಾಹೇಬ್ರ? ಲಿಲಾವಿನ ಮಾಲು, ಇದ್ದಾಂಗ ಕೊಟ್ಟೆ. ಹೊಸಾದು ಅಂತ ನನ್ನ ಬಾಯಿಲೆ ಒಂದ ಮಾತು ಬಂದಿದ್ರ ಕೇಳ್ರಿ. ಅಂಗಡ್ಯಾಗ ನಾಕ ಮಂದಿ ಇದ್ರು."

ಫೌಜದಾರ ಪೆನ್ಸಿಲು ಹಿಡಿದು ಹೊನ್ನವ್ವನ ಕಡೆ ತಿರುಗಿದ.

"ಹೊಸಾದು ಅಂತ ಇವರು ಹೇಳಿದ್ರೇನವಾ?"

ಹೂಂ ಎಂದಿದ್ದರೆ ಆಗುತ್ತಿತ್ತು. ಆ ಜನ ಎಲ್ಲ ಅವಳ ಕಡೆಗೇ ಇತ್ತು. ಅವಳು ಬಾಯಿ ತೆರೆದಳು, ಆದರೆ ಅಂಗಡಿಯಲ್ಲಿ ಹುಬ್ಬು ಗಂಟಿಕ್ಕಿ ತನ್ನ ಕಡೆ ನೋಡಿದ ಗಂಡನ ಮುಖ ಕಂಬಳಿಯ ಕೆಳಗಿತ್ತು. ಅದರ ಎದುರಿಗೆ ಸುಳ್ಳು ಹೊರಡಲಿಲ್ಲ.

"ಇಲ್ರಿ."

"ಮತ್ತ ಯಾರು ಹೇಳಿದ್ರು?"

"ನಾ ಹೇಳಿದ್ನಿರಿ."

ಫೌಜದಾರ ಅದನ್ನು ಬರೆದುಕೊಂಡ. ಹಾಗಿದ್ದರೆ ಇದು ಆಕಸ್ಮಿಕ ಎಂದು ಗುರುಸಂಗಪ್ಪನಿಗೆ ಹೋಗಲು ಕೈಸನ್ನೆ ಮಾಡಿದ. ಗುರುಸಂಗಪ್ಪ ಯಾರ ಮುಖವನ್ನೂ ನೋಡದೆ ಮೋಟಾರಿನ ಕಡೆ ನಡೆದ.