ಫೋಟೋ ಗಿರಾಕಿ

ಮಾಲಿನ ಎರಡನೇ ಮಹಡಿಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿಯುವ ಪುಟ್ಟಿಗೆ ಈ ಲೋಕದಲ್ಲಿ ಯಾರನ್ನಾದರೂ ಕಂಡರಾಗದು ಅಂದರೆ ಅದು ಫೋಟೋ ಗಿರಾಕಿಗಳನ್ನು. ಆ ಹೆಸರಿಟ್ಟವಳೂ ಅವಳೇ. ಬರೋದು ಪುಕ್ಕಟೆ ಎ.ಸಿ. ಗಾಳಿಗೆ, ರಾಶಿ ಅಂಗಿ ಬಿಡಿಸಿ, ಕನ್ನಡಿ ಮುಂದೆ ಗಿರಗಿರ ತಿರುಗಿ, ಕೊನೆಗೆ ಬೆಲೆ ಚೀಟಿಯ ಫೋಟೋ ಹೊಡೆದುಕೊಂಡು, "ಆಮೇಲೆ ಬರ್ತೀವಿ" ಅಂತ ಹಲ್ಲು ಕಿರಿದು ಹೋಗೋದು. ಎಲ್ಲಿ ಬರ್ತಾರೆ, ಅವರ ತಲೆ! ಮನೆಯಲ್ಲಿ ಕಾಲು ಚಾಚಿ ಕೂತು ಫೋನಿನಲ್ಲೇ ತರಿಸಿಕೊಳ್ತಾರೆ. ಬಿಡಿಸಿದ ಅಂಗಿಗಳನ್ನು ಮಡಚಿಡೋದಕ್ಕೆ ಇವಳಿದ್ದಾಳಲ್ಲ. "ಮಾನ ಮರ್ಯಾದೆ ಬಿಟ್ಟವರು" ಅಂತ ಗೊಣಗುತ್ತಲೇ ಮಡಚುತ್ತಿದ್ದಳು.

ಪುಟ್ಟಿ ಅನ್ನೋದು ಅಣ್ಣ ಕರೆಯುವ ಹೆಸರು. ತಲೆ ನರೆತರೂ ಅದು ಹೋಗಿಲ್ಲ. ಅಣ್ಣನದು ಬಯಲು ಮಾರ್ಕೆಟ್ಟಿನ ಸಾಲಿನಲ್ಲಿ ಚಪ್ಪಲಿ, ಶೂ ಅಂಗಡಿ. ಮೇಲೆ ಮನೆ, ಕೆಳಗೆ ಅಂಗಡಿ. ಬಿಸಿಲಾದರೆ ಬಿಸಿಲು, ಧೂಳಾದರೆ ಧೂಳು. ಮಾಲು ಬಂದಾಗ ಅವನ ವ್ಯಾಪಾರ ಅರ್ಧ ಇಳಿಯಿತು. ತಂಗಿ ಅಲ್ಲೇ ಕೆಲಸಕ್ಕೆ ಸೇರಿದಾಗ ಮಾತ್ರ ಒಂದು ಚೂರೂ ಮುಖ ಗಂಟಿಕ್ಕಲಿಲ್ಲ. "ಬಂದ್ಲಪ್ಪ ಶತ್ರು ಪಾಳಯದವಳು" ಅಂತ ನಗುತ್ತಿದ್ದ. ಈಗ ಫೋನು ಬಂದು ಮಾಲಿಗೂ ಮಣ್ಣು ಹಾಕಿ, ಇಬ್ಬರದೂ ಒಂದೇ ಪಾಡಾಗಿತ್ತು. ಅವಳ ಅಂಗಡಿಯ ಎದುರಿನ ಎರಡೂ ಅಂಗಡಿಗಳು ಶಟರ್ ಎಳೆದಿದ್ದವು, ಅವಳ ಸಂಬಳಕ್ಕೂ ಕತ್ತರಿ ಬಿದ್ದಿತ್ತು.

ಅಂಥ ಹೊತ್ತಿನಲ್ಲೇ ಹಳೇ ಶೂ ಬಾಯಿ ಬಿಟ್ಟಿತು. ಅಣ್ಣನ ಅಂಗಡಿಗೆ ಹೋದಳು. ಅಣ್ಣ ಎಂದಿನಂತೆ ಒಳಗೆ ಹೋಗಿ ಒಂದು ಜೊತೆ ತಂದು, ನೆಲದ ಮೇಲೆ ಕೂತು, ತಾನೇ ತೊಡಿಸಿ ಲೇಸು ಕಟ್ಟಿದ. ಆಹಾ, ಎರಡೂ ಕಾಲಿಗೆ ಹೇಳಿ ಮಾಡಿಸಿದ ಹಾಗೆ! ಚಿಕ್ಕಂದಿನಿಂದಲೂ ಅವಳ ಬಲಗಾಲು ಸ್ವಲ್ಪ ದಪ್ಪ. ಶಾಲೆಯಲ್ಲಿ ಮಕ್ಕಳು "ಆನೆಕಾಲು" ಅಂತ ಅಣಕಿಸಿ ಅಳಿಸುತ್ತಿದ್ದರು. ಆದರೆ ಅಣ್ಣನ ಅಂಗಡಿಯ ಶೂ ಅವಳಿಗೆ ಒಮ್ಮೆಯೂ ಕಚ್ಚಿದ್ದಿಲ್ಲ.

"ತಗೊಂಡು ಹೋಗೇ, ದುಡ್ಡು ನಿಧಾನಕ್ಕೆ ಕೊಟ್ಟರಾಯ್ತು" ಅಂದ ಅಣ್ಣ.

"ಯೋಚನೆ ಮಾಡಿ ಬರ್ತೀನಣ್ಣ" ಅಂದಳು. ಅಣ್ಣ ಅವಳಿಗೆ ನೀರು ತರಲು ಒಳಗೆ ಹೋದ. ಆ ಗಳಿಗೆಯಲ್ಲಿ ಪುಟ್ಟಿ, ಹೌದು, ನಮ್ಮ ಪುಟ್ಟಿಯೇ, ಫೋನು ತೆಗೆದು ಡಬ್ಬದ ಮೇಲಿನ ಹೆಸರನ್ನೂ ನಂಬರನ್ನೂ ಕ್ಲಿಕ್ ಮಾಡಿಕೊಂಡಳು. ಅವನು ತಂದ ನೀರನ್ನು ಗಟಗಟ ಕುಡಿದು ಹೊರಬಿದ್ದಳು. ಫೋನಿನಲ್ಲಿ ಅದೇ ಶೂ, ಅದೇ ಬಣ್ಣ, ಅರ್ಧಕ್ಕರ್ಧ ಬೆಲೆ. ಬಸ್ಸಿನಲ್ಲಿ ಕೂತೇ ಆರ್ಡರ್ ಒತ್ತಿಬಿಟ್ಟಳು.

ಪಾರ್ಸೆಲ್ ಬಂತು. ಎಡಗಾಲಿಗೆ ಸರಿ, ಬಲಗಾಲು ಒಳಗೆ ಹೋಗಲೊಲ್ಲದು. ಡಬ್ಬದ ಮೇಲಿದ್ದ ಆರನೇ ನಂಬರೇ, ತಪ್ಪೇನಿಲ್ಲ. ಹಾಕಿಕೊಂಡರೆ ಹಿಗ್ಗುತ್ತೆ ಅಂದುಕೊಂಡು ಹಲ್ಲು ಕಚ್ಚಿ ತುರುಕಿಕೊಂಡು ಕೆಲಸಕ್ಕೆ ಹೋದಳು. ಸಂಜೆಯ ಹೊತ್ತಿಗೆ ಜೀವ ಬಾಯಿಗೆ ಬಂದಿತ್ತು. ಕುಂಟುತ್ತ ಬಸ್ ಸ್ಟಾಪಿಗೆ ಬಂದರೆ, ಎದುರಿಗೇ ಸ್ಕೂಟರ್ ನಿಲ್ಲಿಸಿದನಲ್ಲ ಅಣ್ಣ!

"ಹತ್ತು. ನಿಮ್ಮತ್ತಿಗೆ ಅಡುಗೆ ಮಾಡಿದ್ದಾಳೆ, ಊಟ ಮಾಡ್ಕೊಂಡು ಹೋಗು."

"ಬೇಡಣ್ಣ, ತಲೆನೋವು."

"ಉಂಡರೆ ಹೋಗುತ್ತೆ, ಹತ್ತೇ."

ದಾರಿಯುದ್ದಕ್ಕೂ ಅವಳಿಗೆ ಒಂದೇ ಚಿಂತೆ: ಅಣ್ಣ ಕಾಲು ನೋಡಬಾರದು. ಆದರೆ ಆ ಮನುಷ್ಯ ಮುಖಕ್ಕಿಂತ ಮೊದಲು ಕಾಲು ನೋಡುವವನು. ಮೆಟ್ಟಿಲು ಹತ್ತುವಾಗಲೇ ಕೇಳಿದ, "ಯಾಕೇ ಕುಂಟ್ತಾ ಇದ್ದೀಯ?" ಅವಳು ಶೂ ಬಿಚ್ಚಿ ಗೋಡೆಯ ಮೂಲೆಗೆ ನೂಕುವಷ್ಟರಲ್ಲಿ ಅವನು ಬಗ್ಗಿ ಎತ್ತಿಕೊಂಡಿದ್ದ. ಹಿಂದೆ ಮುಂದೆ ತಿರುಗಿಸಿದ.

"ಎರಡೂ ಆರೇ ತಗೊಂಡಿದ್ದೀಯಲ್ಲ" ಅಂದ. "ಬಲಗಾಲಿಗೆ ಏಳು ಬೇಕು ನಿಂಗೆ."

ಕೆಳಗಿಳಿದು ಹೋಗಿ ಒಂದು ಡಬ್ಬ ತಂದ. ಎಡದ್ದು ಆರು, ಬಲದ್ದು ಏಳು, ಒಳಗಿನ ನಂಬರಿನ ಚೀಟಿಗಳನ್ನು ನೀಟಾಗಿ ಕಿತ್ತಿಟ್ಟಿದ್ದ. "ಬರ್ತೀನಿ ಅಂದಿದ್ದೆಯಲ್ಲ, ಎತ್ತಿಟ್ಟಿದ್ದೆ."

ಅತ್ತಿಗೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ಇನ್ನಾದರೂ ಹೇಳಿಬಿಡ್ತೀನಿ, ಕೇಳು. ನಿನಗೆ ಶೂ ಕೊಡುವಾಗೆಲ್ಲ ಇವರು ಎರಡು ಜೊತೆ ಒಡೀತಾರೆ. ಉಳಿದಿದ್ದನ್ನ ಯಾರು ಕೊಳ್ತಾರೆ? ಅಟ್ಟದ ತುಂಬ ಒಂಟಿ ಶೂ, ಇಲಿಗೂ ಬೇಡ. ನಿನಗೆ ಹೇಳಿ ಅಂದ್ರೆ, ಚಿಕ್ಕಂದಿನಲ್ಲಿ ಕಾಲಿಗಾಗಿ ಅವಳು ಅತ್ತಿದ್ದು ಸಾಕು ಅಂತಾರೆ."

"ಸುಮ್ನಿರೇ" ಅಂದ ಅಣ್ಣ.

ಪುಟ್ಟಿಗೆ ನಾಚಿಕೆಯಿಂದ ಕಿವಿಯವರೆಗೂ ಬಿಸಿಯಾಯಿತು. ಇಷ್ಟು ವರ್ಷ ಅವನು ನೆಲದ ಮೇಲೆ ಕೂತು ಅವಳ ಕಾಲಿನ ಮಾನ ಕಾಪಾಡಿದ್ದ. ಅವಳೋ, ಅವನು ನೀರು ತರಲು ಹೋದಾಗ ಕಳ್ಳಿಯ ಹಾಗೆ ಫೋಟೋ ಹೊಡೆದಿದ್ದಳು. ಯಾವ ಮುಖ ಹೊತ್ತು ಈ ಮನೆಯ ಅನ್ನ ಉಣ್ಣಲಿ ಅಂದುಕೊಂಡಳು.

ಅಣ್ಣ ಅವಳ ಪಕ್ಕ ಕೂತು ತಗ್ಗಿದ ದನಿಯಲ್ಲಿ ಕೇಳಿದ, "ಫೋನಿನಲ್ಲಿ ತರಿಸಿದ್ಯಾ? ನನ್ನ ರೇಟು ನಿಂಗೆ ಭಾರ ಆಯ್ತೇನೋ. ಒಂದು ಮಾತು ಹೇಳಿದ್ರೆ ಬಿಟ್ಟು ಕೊಡ್ತಿರಲಿಲ್ವಾ? ಅಲ್ಲಿ ಎಷ್ಟಕ್ಕೆ ಸಿಕ್ತು?"

ಅಲ್ಲಿಯ ಬೆಲೆ, ಅವನು ಸಗಟಿನಲ್ಲಿ ಕೊಳ್ಳುವ ಬೆಲೆಗಿಂತಲೂ ಕಮ್ಮಿ. ಅದನ್ನು ಈ ಮುಖಕ್ಕೆ ಹೇಗೆ ಹೇಳೋದು? ಅವನ ಅಂಗಡಿ, ಅವನ ಬದುಕು ಎಲ್ಲ ದಂಡ ಅಂದ ಹಾಗಾಗುತ್ತಲ್ಲ!

"ಅಯ್ಯೋ, ಕಮ್ಮಿ ಏನಿಲ್ಲಣ್ಣ. ಅಲ್ಲೂ ನಿನ್ನ ರೇಟೇ."

"ನನ್ನ ರೇಟೇನಾ?"

"ಹೂಂ. ಒಂದು ಪೈಸೆ ಆಚೀಚೆ ಇಲ್ಲ."

ಅಣ್ಣ ತಲೆಯಾಡಿಸಿದ. ಹೊಸ ಶೂವಿನ ಲೇಸು ಸರಿಮಾಡಿದ. ಆಮೇಲೆ ಅವಳ ಕಡೆ ತಿರುಗಿದ. ಸಿಟ್ಟಿರಲಿಲ್ಲ, ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ.

"ಮತ್ತೆ ನನ್ನ ಹತ್ರ ಯಾಕೆ ಬರಲಿಲ್ಲ, ಪುಟ್ಟಿ?"