ಬೋರ್ಡಿಲ್ಲದ ಭಾನುವಾರ

ಒರ್ಫೇಯೊ ಸೈಕಲ್ ತುಳಿಯುವುದನ್ನು ನೋಡಿದವರು ಅವನನ್ನು ಸೋಮಾರಿ ಎನ್ನಬಹುದು, ಕಳ್ಳ ಎನ್ನಬಹುದು, ದಡ್ಡ ಎಂದು ಮಾತ್ರ ಯಾರೂ ಅನ್ನಲಾರರು. ಬೊರ್ಗಾನೊ ಸೈಕಲ್ ಸಂಘದ ಮುದುಕರು ಪ್ರತಿ ಭಾನುವಾರ ತ್ರಾಸಿಮೇನೊ ಸರೋವರದ ಸುತ್ತಲಿನ ಹಳ್ಳಿ ದಾರಿಗಳಲ್ಲಿ ಸವಾರಿ ಹೋಗಿ ಊಟದ ಹೊತ್ತಿಗೆ ಮರಳುತ್ತಾರಲ್ಲ, ಅಷ್ಟು ಹೊತ್ತೂ ಈ ಮಹಾಶಯ ಒಬ್ಬನ ಬೆನ್ನ ಹಿಂದೆ ಗಾಳಿ ತಾಗದಂತೆ ಅಡಗಿರುತ್ತಾನೆ. ಆ ಬೆನ್ನು ಅವನ ಹೆಂಡತಿಯ ತಮ್ಮ ಸೆತ್ತಿಮಿಯೊನದು. ಊರು ಹತ್ತಿರವಾಗಿ ಝೆಲಿಂದಜ್ಜಿಯ ಮನೆಯ ಗೇಟು ಕಂಡದ್ದೇ ತಡ, ಒರ್ಫೇಯೊ ಬೆನ್ನ ಮರೆಯಿಂದ ಈಚೆ ಹಾರಿ, ಊರಿನ ಹೆಸರು ಬರೆದ ಬೋರ್ಡನ್ನು ಮೊದಲು ದಾಟಿ, ಎರಡೂ ಕೈ ಎತ್ತಿಬಿಡುತ್ತಾನೆ.

ಬೋರ್ಡನ್ನು ಮೊದಲು ದಾಟಿದವನೇ ಮುಂದಿನ ಭಾನುವಾರದ ದಾರಿ ಹೇಳಬೇಕು. ಸಂಘಕ್ಕೆ ಇರುವುದು ಇದೊಂದೇ ಕಾನೂನು. ಒರ್ಫೇಯೊ ಹೇಳುವುದೂ ಒಂದೇ ದಾರಿ: ಸರೋವರದ ಅಂಚಿನ ಸಪಾಟು ರಸ್ತೆ. ಸಂತೆಯಿಂದ ಸಂತೆಗೆ ಇಡೀ ಹಂದಿ ಹುರಿದು ಮಾರಿ, ಮಾರಾಟವಾಗದೆ ಉಳಿದದ್ದನ್ನು ತಾನೇ ತಿಂದು ಬೆಳೆಸಿದ ಹೊಟ್ಟೆ ಅವನದು. ಅದನ್ನು ಹೊತ್ತು ಗುಡ್ಡ ಹತ್ತುವ ಮಾತೇ ಇಲ್ಲ.

ಸೆತ್ತಿಮಿಯೊನಿಗೆ ಬೇಕಾದದ್ದು ಗುಡ್ಡವೇ. ಅವನು ಪುರಸಭೆಯ ರಸ್ತೆ ಕೆಲಸದವನು. ಊರಿನ ಆಚೆ ತುದಿಯಿಂದ ಆಲಿವ್ ತೋಟಗಳ ನಡುವೆ ಸಾಂತ ಫ್ಲೋರಾ ಗುಡಿಯವರೆಗೆ ಏರುವ ರಸ್ತೆಗೆ ಈ ವರ್ಷದ ಮಾರ್ಚ್‌ನಲ್ಲಿ ಡಾಂಬರು ಹಾಕಿದವನು ಅವನೇ. ಜೀವಮಾನದಲ್ಲಿ ಅಂಥ ಕೆಲಸ ಅವನ ಕೈಯಿಂದ ಆಗಿರಲಿಲ್ಲ. ತಿರುವುಗಳಲ್ಲಿ ಓರೆ ಸರಿಯಾಗಿ ಕೂತಿತ್ತು, ನೀರು ನಿಲ್ಲುತ್ತಿರಲಿಲ್ಲ, ಮೇಲೆ ಹೋಳಿಗೆ ಲಟ್ಟಿಸುವ ಮಣೆಯ ನುಣುಪು. ಅದರ ಮೇಲೆ ಓಡಾಡುತ್ತಿದ್ದದ್ದು ಎರಡು ಟ್ರ್ಯಾಕ್ಟರು, ಒಂದು ಕುರಿ ಮಂದೆ. ಗೆಳೆಯರು ಒಮ್ಮೆ, ಒಂದೇ ಒಂದು ಸಲ ಅದರ ಮೇಲೆ ಸೈಕಲ್ ಓಡಿಸಲಿ ಎಂದು ಅವನ ಜೀವ ಹಂಬಲಿಸುತ್ತಿತ್ತು. ಈ ತಿಂಗಳ ಕೊನೆಗೆ ಅವನ ನಿವೃತ್ತಿ ಬೇರೆ. ಆದರೆ ನನ್ನ ಕೆಲಸ ನೋಡ ಬನ್ನಿ ಎಂದು ಕರೆಯುವುದು ಅವನ ಬಾಯಿಗೆ ಬಾರದು. ವರ್ಷಗಟ್ಟಲೆಯಿಂದ ಹೇಳುತ್ತಿದ್ದ ಹಾಗೆ, "ಈ ಸಲ ಗುಡ್ಡಕ್ಕೆ ಹೋಗೋಣ" ಎಂದಷ್ಟೇ ಹೇಳುತ್ತಿದ್ದ. "ಗೆದ್ದು ಕರ್ಕೊಂಡ್ ಹೋಗೋ" ಎಂದು ಉಳಿದವರು ನಗುತ್ತಿದ್ದರು.

ಒಂದು ಭಾನುವಾರ, ಅಲ್ಲಿಯವರು ಬಾರು ಎನ್ನುವ ಕಾಫಿ ಅಂಗಡಿಯಲ್ಲಿ ಕೂತು ಸೆತ್ತಿಮಿಯೊ ಬಾಯಿತಪ್ಪಿ ಅಂದುಬಿಟ್ಟ: "ಆ ಬೋರ್ಡು ಇರೋ ಜಾಗಾನೇ ಸರಿ ಇಲ್ಲ."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ," ಎಂದ ಒರ್ಫೇಯೊ, ಮೀಸೆಗಂಟಿದ ನೊರೆ ಒರೆಸಿಕೊಳ್ಳುತ್ತ.

ಎಲ್ಲರೂ ನಕ್ಕರು. ಆದರೆ ನೆಲ ಡೊಂಕಾಗಿದ್ದರೆ ಸರಿ ಮಾಡುವುದೇ ಸೆತ್ತಿಮಿಯೊನ ನೌಕರಿ ಎಂಬುದು ಆ ನಗೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅವನಿಗೆ ಹೊಳೆಯಿತು.

ಶುಕ್ರವಾರ ಬೆಳಕು ಹರಿಯುವ ಮುಂಚೆ ಪುರಸಭೆಯ ಗಾಡಿ ತಂದು, ಬೋರ್ಡನ್ನು ಕಂಬ ಸಮೇತ ಕಿತ್ತು, ಝೆಲಿಂದಜ್ಜಿಯ ಗೇಟಿಗಿಂತ ಈಚೆ, ಸರೋವರದ ಕಡೆಗೆ, ವಾಲ್‌ನಟ್ ಮರದ ಪಕ್ಕ ನೆಟ್ಟುಬಿಟ್ಟ. ಒರ್ಫೇಯೊ ಹಾರುವುದು ಗೇಟಿನ ಹತ್ತಿರ. ಅಷ್ಟರಲ್ಲಿ ಸೆತ್ತಿಮಿಯೊ ಬೋರ್ಡು ದಾಟಿ ಆಗಿರುತ್ತದೆ. ಯಾರಿಗೂ ಸುಳಿವು ಸಿಗುವಂತಿರಲಿಲ್ಲ. ಸಂಘದವರು ಹೊರಡುವುದು ಗಿರಣಿ ರಸ್ತೆಯಲ್ಲಿ, ಇತ್ತ ಬರುವುದು ಮರಳುವಾಗ ಮಾತ್ರ. ಉಳಿದ ಜನರ ಭಯವೂ ಇರಲಿಲ್ಲ, ತಮ್ಮೂರಿನ ಬೋರ್ಡನ್ನು ಓದುವವರು ಯಾರಿದ್ದಾರೆ?

ಒಬ್ಬಳಿದ್ದಳು.

ಝೆಲಿಂದಜ್ಜಿ ಪಕ್ಕದೂರಾದ ಪಿಯೆವೆಲ್ಲದ ಹೆಣ್ಣು. ಬೊರ್ಗಾನೊಗೂ ಪಿಯೆವೆಲ್ಲಕ್ಕೂ ಎಣ್ಣೆ ಸೀಗೆಕಾಯಿ. ಬೊರ್ಗಾನೊದ ಗಂಡನ್ನು ಮೆಚ್ಚಿ ಮದುವೆಯಾಗುವಾಗ ಅವಳು ಹಾಕಿದ ಷರತ್ತು ಒಂದೇ: ಗಂಡ ಬೇಕು, ಅವನ ಊರು ಬೇಡ. ಅವನು ಬೋರ್ಡಿನ ಹೊರಮಗ್ಗುಲಿಗೆ, ತನ್ನೂರಿನ ಗಂಟೆ ಕೇಳುವಷ್ಟು ದೂರದಲ್ಲಿ ಮನೆ ಕಟ್ಟಿಸಿದ್ದ. ಅವನು ಸತ್ತು ಎಷ್ಟೋ ವರ್ಷವಾದರೂ ಅಜ್ಜಿ ಬೊರ್ಗಾನೊಗೆ "ಹೋಗಿ ಬರ್ತೀನಿ" ಎಂದೇ ಹೇಳುತ್ತಿದ್ದಳು. ಈಗ ಬೋರ್ಡು ಈಚೆ ಜರುಗಿ, ಅವಳ ಮನೆ, ಕೋಳಿಗೂಡು, ಹುರುಳಿಕಾಯಿ ಪಾತಿ ಎಲ್ಲವೂ ರಾತ್ರೋರಾತ್ರಿ ಬೊರ್ಗಾನೊ ಒಳಗೆ ಸೇರಿದ್ದವು.

ಶನಿವಾರ ಸೆತ್ತಿಮಿಯೊ ಆ ದಾರಿಯಲ್ಲಿ ಬಂದದ್ದೇ ಅಜ್ಜಿ ಗೇಟಿಗೆ ಅಡ್ಡ ನಿಂತಳು.

"ಯಾರನ್ನ ಕೇಳಿ ನನ್ನ ನಿಮ್ಮೂರಿಗೆ ಹಾಕ್ದೆ?"

"ಅಜ್ಜಿ, ಅದು ಬರೀ ತಗಡು."

"ತಗಡಾದ್ರೆ ನಿನ್ನ ಮಂಚದ ಕೆಳಗಿಟ್ಕೋ! ನನ್ನ ಗಂಡ ಕಾಲ್ ಹಿಡಿದು ಬೇಡ್ಕೊಂಡ್ರೂ ಒಳಗೆ ಬಂದವಳಲ್ಲ ನಾನು. ನೀನೊಂದು ಗುದ್ದಲಿ ತಂದು ನನ್ನ ಬೊರ್ಗಾನೊದವಳು ಮಾಡ್ತೀಯಾ?"

"ಸೋಮವಾರ ವಾಪಸ್ ನೆಡ್ತೀನಿ. ಅಮ್ಮನಾಣೆ. ಈ ಭಾನುವಾರ ಒಂದು ಸುಮ್ನಿರಿ."

"ಭಾನುವಾರ ನಾನು ಸತ್ರೆ? ಬೊರ್ಗಾನೊದಲ್ಲಿ ಸತ್ಳು ಅಂತ ಬರೀತಾರೆ!"

ಸೆತ್ತಿಮಿಯೊ ತಲೆ ತಗ್ಗಿಸಿಕೊಂಡು ಜಾಗ ಖಾಲಿ ಮಾಡಿದ. ಅವಸರಕ್ಕೆ ಕಂಬದ ಬುಡಕ್ಕೆ ಸಿಮೆಂಟು ಹಾಕಿರಲಿಲ್ಲ ಎಂಬುದು ಅವನಿಗೆ ನೆನಪಿತ್ತು. ಅಜ್ಜಿಗೆ ಒಂದು ಟ್ರ್ಯಾಕ್ಟರಿದೆ ಎಂಬುದು ನೆನಪಾಗಲಿಲ್ಲ.

ಭಾನುವಾರ ಸರೋವರದ ಕಡೆಯಿಂದ ಮರಳುವಾಗ ಸೆತ್ತಿಮಿಯೊ ಎಂದಿನಂತೆ ಮುಂದಿದ್ದ, ಒರ್ಫೇಯೊ ಎಂದಿನಂತೆ ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡಿದ್ದ. ವಾಲ್‌ನಟ್ ಮರ ಕಂಡಿತು. ಸೆತ್ತಿಮಿಯೊ ಎದ್ದು ನಿಂತು, ಇದ್ದಬದ್ದ ಬಲವನ್ನೆಲ್ಲ ಪೆಡಲಿಗೆ ಹಾಕಿ ಮರದ ಹತ್ತಿರ ಬಂದು ನೋಡುತ್ತಾನೆ, ಅಲ್ಲೊಂದು ಗುಂಡಿ ಇದೆ. ಬೋರ್ಡಿಲ್ಲ.

ಗೇಟಿನಲ್ಲಿ ಝೆಲಿಂದಜ್ಜಿ ಕುರ್ಚಿ ಹಾಕಿಕೊಂಡು ಹುರುಳಿಕಾಯಿ ಬಿಡಿಸುತ್ತಿದ್ದಳು. "ತುಳೀರಪ್ಪ, ತುಳೀರಿ," ಎಂದಳು.

ಗೇಟು ಬಂದಿತ್ತಲ್ಲ, ಒರ್ಫೇಯೊ ಹಾರಿದ. ಹಾರಿ, ಪಕ್ಕಕ್ಕೆ ಬಂದು, ಎದುರಿಗೆ ಕಣ್ಣು ಹಾಯಿಸಿ ಕಂಗಾಲಾದ. ಹಳೆಯ ಜಾಗದಲ್ಲೂ ಏನೂ ಇರಲಿಲ್ಲ.

"ಬೋರ್ಡೆಲ್ಲೋ?"

"ಮುಂದಿದೆ ಭಾವ, ಮುಂದೆ!" ಎಂದ ಸೆತ್ತಿಮಿಯೊ. ಬಾಯಿಗೆ ಬಂದದ್ದು ಅದೇ.

ಗುರಿ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ನಿಲ್ಲುವುದಾದರೂ ಎಲ್ಲಿ? ಮೊದಲು ನಿಂತವನು ಸೋತಂತೆ. ಇಬ್ಬರೂ ತುಳಿದರು. ಹಿಂದಿನವರೂ ಯಾರು ಗೆದ್ದರೆಂದು ತಿಳಿಯದೆ ತುಳಿದರು. ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬರುತ್ತಿದ್ದ ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಬಾರಿನವನು ಹಾಕಿಟ್ಟ ಕಾಫಿ ಹಾಗೇ ತಣ್ಣಗಾಯಿತು. ಒರ್ಫೇಯೊನ ಹೆಂಡತಿ ಕಿಟಕಿಯಿಂದ ಬಗ್ಗಿ, "ಊಟಕ್ಕೂ ಬರಲ್ವೇನ್ರೀ? ಎಲ್ಲಿಗ್ ಹೋಗ್ತಿದೀರ?" ಎಂದು ಕೂಗಿದಳು. ಉತ್ತರ ಗೊತ್ತಿದ್ದರೆ ತಾನೇ ಅವನು ಹೇಳುವುದು!

ಊರಿನ ಆಚೆ ತುದಿಯಲ್ಲಿ ಬೊರ್ಗಾನೊ ಎಂಬ ಹೆಸರಿನ ಮೇಲೆ ಕೆಂಪು ಗೆರೆ ಎಳೆದ ಬೋರ್ಡಿತ್ತು. ಒರ್ಫೇಯೊ ಅದನ್ನು ಮೊದಲು ದಾಟಿ ಕೈ ಎತ್ತಿದ.

"ಅದು ಲೆಕ್ಕಕ್ಕಿಲ್ಲ!" ಸೆತ್ತಿಮಿಯೊ ಅವನನ್ನು ಹಿಂದೆ ಹಾಕುತ್ತ ಕಿರುಚಿದ. "ಊರು ಮುಗಿಯೋ ಬೋರ್ಡದು! ಊರು ಬಿಟ್ಟು ಓಡ್ದೋನ್ನ ಗೆದ್ದ ಅಂತಾರೇನೋ?"

ಒರ್ಫೇಯೊ ಬಾಯಿ ತುಂಬ ಬೈದು, ಎತ್ತಿದ ಕೈಗಳನ್ನು ಇಳಿಸಿ ಮತ್ತೆ ಬೆನ್ನು ಹತ್ತಿದ. ಆಗ ಗುಡ್ಡ ಶುರುವಾಯಿತು.

ಮೇಲೆ ಸಾಂತ ಫ್ಲೋರಾ ಗುಡಿಯ ಕಟ್ಟೆಗೆ ಮೊದಲು ಬಂದವನು ಸೆತ್ತಿಮಿಯೊ. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಕೊನೆಗೆ, ಎಲ್ಲರೂ ಒರ್ಫೇಯೊ ಸತ್ತನೇನೋ ಎಂದುಕೊಂಡ ಮೇಲೆ, ಒರ್ಫೇಯೊ. ಸೈಕಲ್ಲನ್ನು ಹುಲ್ಲಿಗೆ ಕೆಡವಿ, ರಸ್ತೆಯ ಮೇಲೇ ಅಂಗಾತ ಬಿದ್ದ. ಕೆಳಗೆ ಇಡೀ ಸರೋವರ ಹರಡಿತ್ತು. ಅವನು ಅತ್ತ ಕಣ್ಣೆತ್ತಿಯೂ ನೋಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅಂಗೈಯಿಂದ ಡಾಂಬರು ಸವರಿದ.

"ಒಂದು ಗುಂಡಿನೂ ಇಲ್ವಲ್ಲೋ," ಎಂದ. "ಯಾವಾಗ ಹಾಕಿದ್ದು ಇದನ್ನ?"

"ಮಾರ್ಚಲ್ಲಿ."

"ಯಾರು, ನೀನಾ?"

ಸೆತ್ತಿಮಿಯೊ ತಲೆಯಾಡಿಸಿದ.

"ಹೇಳ್ಬಾರ್ದಾ?"

"ಗುಡ್ಡಕ್ಕೆ ಹೋಗೋಣ ಅಂತ ಬಾಯಿ ಬಡ್ಕೋತಾನೇ ಇದೀನಲ್ಲ ಭಾವ!"

"ಗುಡ್ಡಕ್ಕೆ ಅಂದೆ. ನಾನು ಹಾಕಿದ ರಸ್ತೆ ನೋಡ್ ಬನ್ನಿ ಅಂತ ಒಂದಿನಾನಾದ್ರೂ ಅಂದಿದ್ಯಾ? ಗುಡ್ಡ ಯಾರಿಗ್ ಬೇಕು, ಮುಠ್ಠಾಳ!"

ಸೆತ್ತಿಮಿಯೊ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುವ ನೆಪದಲ್ಲಿ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಬಯಸಿದ್ದು ಸಿಕ್ಕಿತ್ತು. ಅದಕ್ಕೆ ಒಂದು ಬಾಯಿಮಾತು ಸಾಕಾಗಿತ್ತಲ್ಲ ಎಂದು ನಾಚಿಕೆಯೂ ಆಯಿತು.

"ಆದ್ರೆ ಗೆದ್ದಿದ್ದು ನೀನಲ್ಲ," ಎಂದ ಒರ್ಫೇಯೊ ಮಲಗಿದಲ್ಲಿಂದಲೇ. "ಬೋರ್ಡಿಲ್ಲ ಅಂದ್ಮೇಲೆ ಗೆಲುವೂ ಇಲ್ಲ. ಮುಂದಿನ ವಾರ ಹಳೇ ದಾರೀನೇ."

ಸೋಮವಾರ ಅಜ್ಜಿಯ ಕೋಳಿಗೂಡಿನ ಬಾಗಿಲಾಗಿದ್ದ ಬೋರ್ಡನ್ನು ಬಿಡಿಸಿಕೊಳ್ಳಲು ಸೆತ್ತಿಮಿಯೊ ಬಹಳ ಬೈಗುಳ ತಿನ್ನಬೇಕಾಯಿತು. ಹಳೆಯ ಗುಂಡಿಗೆ ಕಂಬ ಇಳಿಸಹೊರಟರೆ ಅಜ್ಜಿ ಕೋಲು ಅಡ್ಡ ಹಿಡಿದಳು.

"ಇನ್ನೊಂದೆರಡು ಮಾರು ಆ ಕಡೆ."

"ಹಳೇ ಜಾಗ ಇದೇ ಅಜ್ಜಿ."

"ಅದು ಹಳೇ ಜಾಗ. ಇದು ದಂಡ. ನಿಮ್ಮೂರಿನ ಗಾಳಿ ಸ್ವಲ್ಪ ದೂರಾನೇ ಇರ್ಲಿ."

ಅವಳು ಹೇಳಿದಲ್ಲೇ ಸಿಮೆಂಟು ಸುರಿದು ನೆಟ್ಟ. ಎರಡು ಮಾರು ಹೆಚ್ಚಾದದ್ದರಿಂದ ಲಾಭವಾದದ್ದು ಯಾರಿಗೆ ಎಂದು ಬೇರೆ ಹೇಳಬೇಕಿಲ್ಲ. ಮುಂದಿನ ಭಾನುವಾರ ಒರ್ಫೇಯೊ ಗೇಟಿನಲ್ಲಿ ಹಾರಿ, ಹಿಂದೆಂದಿಗಿಂತ ಸಲೀಸಾಗಿ ಗೆದ್ದು, ಕೈ ಎತ್ತಿದ.

ಬಾರಿನಲ್ಲಿ ಎಲ್ಲರೂ ಕಾಫಿ ಹಿಡಿದು ಕೂತರು. ದಾರಿ ಯಾವುದೆಂದು ಕೇಳುವ ಗೋಜಿಗೂ ಯಾರೂ ಹೋಗಲಿಲ್ಲ. ಒರ್ಫೇಯೊ ಮೀಸೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ, ಜಗಳಕ್ಕೆ ನಿಂತವನಂತೆ ಹೇಳಿದ:

"ಮುಂದಿನ ವಾರ ಸೆತ್ತಿಮಿಯೊನ ರಸ್ತೆ. ಹತ್ತುವಾಗ ಯಾರೂ ನನ್ನ ಮಾತಾಡಿಸ್ಬಾರ್ದು."